ಹಳೆಯ ಹಿತ್ತಾಳೆ, ಹೊಸ ಜೋಡು ನಳಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಹಳೆಯ ನೈಟ್ರೊ ಎಕ್ಸ್‌ಪ್ರೆಸ್ ತೋಟೆಗಳ (ದೊಡ್ಡ ಬೇಟೆಗೆಂದು ಮಾಡಿದ, ಹೊಗೆಯಿಲ್ಲದ ಮದ್ದಿನ ಬ್ರಿಟಿಷ್ ತೋಟೆಗಳು) ಖಾಲಿ ಹಿತ್ತಾಳೆ ಕೇಸ್‌ಗಳನ್ನು ಈಚೆಗೆ ತಯಾರಾದ ಜೋಡು ನಳಿಗೆಯ ರೈಫಲ್‌ಗಳಲ್ಲಿ ಮತ್ತೆ ತುಂಬಿ ಬಳಸಬಹುದೇ ಎಂಬುದು ಆ ವಿಷಯ. ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ. ಮದ್ದಿನ ಪ್ರಮಾಣವನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಅದು ಮದ್ದು ತಯಾರಕರ ಪರೀಕ್ಷಿತ ಕೋಷ್ಟಕದಿಂದಲೇ ಬರಬೇಕು. ತೋಟೆ ಮರುತುಂಬಲು ಪರವಾನಗಿ ಬೇಕಾದ ಕಡೆ, ಅದು ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಪ್ರಶ್ನೆ: ನನ್ನ ಬಳಿ ಹಳೆಯ ಇಂಗ್ಲಿಷ್ ಕೋವಿಯಲ್ಲಿ ಹಾರಿಸಿದ .470 ಕೇಸ್‌ಗಳಿವೆ. ಹೊಸ ರೈಫಲ್ ಕೂಡ .470ರದ್ದೇ. ಫುಲ್ ಲೆಂತ್ ಡೈಯಲ್ಲಿ (ಹಿಗ್ಗಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು) ಒತ್ತಿದ ಮೇಲೂ ಕೆಲವು ಕೇಸ್ ಚೇಂಬರಿಗೆ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಪೂರ್ತಿ ಇಳಿಯದೆ ಅರ್ಧ ಮಿಲಿಮೀಟರ್ ಹೊರಗೇ ನಿಲ್ಲುತ್ತವೆ. ಹೆಸರು ಒಂದೇ ಆದಾಗ ಹೀಗೇಕೆ?

ಉತ್ತರ: ಬುಡದಲ್ಲಿ ಕೆತ್ತಿದ ಹೆಸರು ತೋಟೆಯ ಜಾತಿಯನ್ನು ಹೇಳುತ್ತದೆ, ಅಳತೆಯನ್ನಲ್ಲ. ಈ ತೋಟೆಗಳು ಹುಟ್ಟಿದ ಕಾಲದಲ್ಲಿ ಒಬ್ಬೊಬ್ಬ ಕೋವಿ ತಯಾರಕನ ರೀಮರ್ (ಚೇಂಬರ್ ಕೊರೆಯುವ ಉಪಕರಣ) ಒಂದೊಂದು ಬಗೆಯದಾಗಿತ್ತು. ಕೊಳೆ, ಬಿಸಿಲು, ಮಳೆ ಯಾವುದಿದ್ದರೂ ತೋಟೆ ಸಲೀಸಾಗಿ ಒಳಹೋಗಿ ಸಲೀಸಾಗಿ ಹೊರಬರಬೇಕು ಎಂದು ಚೇಂಬರನ್ನು ಸಡಿಲವಾಗಿ ಕೊರೆಯುವುದೂ ಇತ್ತು. ಇಂದಿನ ರೈಫಲ್‌ಗಳ ಚೇಂಬರ್‌ಗಳನ್ನು ಸಿಐಪಿ (ಕೋವಿ, ತೋಟೆಗಳ ಅಳತೆ ಮತ್ತು ಒತ್ತಡದ ಮಿತಿ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ನಿಗದಿ ಮಾಡಿದ ಕನಿಷ್ಠ ಅಳತೆಗೆ ಹತ್ತಿರವಾಗಿ ಕೊರೆಯುತ್ತಾರೆ. ಸಡಿಲ ಚೇಂಬರಿನಲ್ಲಿ ಹಿಗ್ಗಿದ ಕೇಸ್ ಬಿಗಿ ಚೇಂಬರಿಗೆ ಬಂದಾಗ ತಕರಾರು ಮಾಡುವುದು ಸಹಜ.

ಡೈಯಲ್ಲಿ ಒತ್ತಿದ ಮೇಲೂ ಏಕೆ ಹೋಗುವುದಿಲ್ಲ ಎನ್ನುವುದಕ್ಕೆ ಕಾರಣ ಶೆಲ್ ಹೋಲ್ಡರ್. ಕೇಸನ್ನು ಹಿಡಿಯುವ ಆ ತಟ್ಟೆಯ ದಪ್ಪ ಮತ್ತು ಡೈ ಬಾಯಿಯ ದುಂಡಗಿನ ಅಂಚು ಸೇರಿ, ಬುಡದಿಂದ ಸುಮಾರು 3ರಿಂದ 4 ಮಿ.ಮೀ. ಎತ್ತರದವರೆಗೆ ಡೈ ತಾಕುವುದೇ ಇಲ್ಲ. ಹಳೆಯ ಚೇಂಬರಿನಲ್ಲಿ ಅಷ್ಟು ಜಾಗ ಹಿಗ್ಗಿದ್ದರೆ ಅದು ಹಾಗೆಯೇ ಉಳಿದಿರುತ್ತದೆ. ಮೇಲಿನ ಭಾಗವೆಲ್ಲ ನುಣ್ಣಗೆ ಸರಿಯಾಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ.

ಎಲ್ಲಿ ತಾಗುತ್ತಿದೆ ಎಂದು ಊಹಿಸಬೇಡಿ, ಕೇಸಿನಿಂದಲೇ ಕೇಳಿ. ಪ್ರೈಮರ್ (ಬುಡದಲ್ಲಿದ್ದು ಮದ್ದಿಗೆ ಬೆಂಕಿ ಹಚ್ಚುವ ಸಣ್ಣ ಸಿಡಿಬಟ್ಟಲು) ತೆಗೆದ, ಮದ್ದಿಲ್ಲದ ಖಾಲಿ ಕೇಸ್ ತೆಗೆದುಕೊಂಡು ಮೈಗೆಲ್ಲ ಮಾರ್ಕರ್ ಪೆನ್ನಿನ ಶಾಯಿ ಬಳಿಯಿರಿ. ಒಣಗಿದ ಮೇಲೆ ಚೇಂಬರಿಗೆ ಬಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕಾಲು ಸುತ್ತು ತಿರುಗಿಸಿ ಹೊರತೆಗೆಯಿರಿ. ಶಾಯಿ ಎಲ್ಲಿ ಉಜ್ಜಿ ಹೋಗಿ ಹಿತ್ತಾಳೆ ಹೊಳೆಯುತ್ತದೋ ಅಲ್ಲೇ ತೊಡಕು. ರಿಮ್ಮಿನ (ಬುಡದ ಸುತ್ತ ಹೊರಚಾಚಿದ ಅಂಚು) ತುಸು ಮೇಲೆ ಉಂಗುರದಂತೆ ಹೊಳಪು ಬಂದರೆ ಬುಡ ಹಿಗ್ಗಿದೆ. ಮೈ ಕಿರಿದಾಗಿ ಕತ್ತಿಗೆ ಸೇರುವ ಹೆಗಲಿನ ಮೇಲೆ ಬಂದರೆ ಡೈಯನ್ನು ಇನ್ನು ಸ್ವಲ್ಪ ಕೆಳಗೆ ತಿರುಗಿಸಬೇಕು. ಕತ್ತಿನ ಸುತ್ತ ಬಂದರೆ ಕತ್ತಿನ ಹಿತ್ತಾಳೆ ದಪ್ಪವಾಗಿದೆ ಅಥವಾ ಕೇಸ್ ಉದ್ದವಾಗಿದೆ. ಈ ಪರೀಕ್ಷೆಯನ್ನು ಬಲ ಮತ್ತು ಎಡ ಎರಡೂ ಚೇಂಬರಿನಲ್ಲಿ ಮಾಡಬೇಕು. ಒಂದೇ ಕೋವಿಯ ಎರಡು ಚೇಂಬರ್‌ಗಳೂ ಕೂದಲೆಳೆಯಷ್ಟು ಬೇರೆಯಾಗಿರುವುದುಂಟು.

ಬುಡ ಹಿಗ್ಗಿದ ಕೇಸನ್ನು ಎರಡೂ ಕಡೆ ಬಾಯಿ ತೆರೆದ ರಿಂಗ್ ಡೈಯಲ್ಲಿ ರಿಮ್ಮಿನವರೆಗೂ ತಳ್ಳಿ ಸರಿಪಡಿಸಬಹುದು. ಹಿಗ್ಗು 0.05 ಮಿ.ಮೀ. ಒಳಗಿದ್ದರೆ ಈ ಶ್ರಮಕ್ಕೆ ಅರ್ಥವಿದೆ. ಅದಕ್ಕಿಂತ ಹೆಚ್ಚಿದ್ದರೆ, ಅದರಲ್ಲೂ ಬುಡದ ಗಟ್ಟಿ ಭಾಗವೇ ಹಿಗ್ಗಿದ್ದರೆ, ಆ ಕೇಸ್ ಹಿಂದೆ ಮಿತಿಮೀರಿದ ಒತ್ತಡ ಕಂಡಿದೆ ಎಂದರ್ಥ. ಪ್ರೈಮರ್ ಗುಂಡಿಯೂ ಸಡಿಲಾಗಿರುತ್ತದೆ. ಅದನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿಗೆ ಹಾಕಿ. ಚಪ್ಪಟೆ ಮಾಡದೆ ಎಸೆದರೆ ಅದು ಹೇಗೋ ಮತ್ತೆ ಡಬ್ಬಿಗೆ ಬಂದು ಸೇರುತ್ತದೆ.

ಸಿದ್ಧವಾದ ಕೇಸಿಗೆ ನಮ್ಮ ಅಳತೆಗೋಲು ಸರಳ. ನಳಿಗೆಯನ್ನು ಕೆಳಮುಖ ಮಾಡಿ ಕೈಬಿಟ್ಟರೆ ಕೇಸ್ ತನ್ನ ತೂಕಕ್ಕೇ ಜಾರಿ ಟಕ್ ಎಂದು ರಿಮ್ಮಿನ ಮೇಲೆ ಕೂರಬೇಕು. ಮೇಲ್ಮುಖ ಮಾಡಿದರೆ ತಾನೇ ಹೊರಗೆ ಬೀಳಬೇಕು. ಬೋಲ್ಟ್ ರೈಫಲ್ಲಿನಲ್ಲಿ ಹಿಡಿ ಎತ್ತುವಾಗಲೇ ಓರೆ ಮೈಯ ಬಲದಿಂದ ಕೇಸ್ ಕಿತ್ತು ಬರುತ್ತದೆ. ಜೋಡು ನಳಿಗೆಗೆ ಆ ಬಲವಿಲ್ಲ. ಒತ್ತಿ ಕೂರಿಸಬೇಕಾದ ತೋಟೆ, ಹಾರಿದ ಮೇಲೆ ಅಂಟಿಕೊಳ್ಳುವ ತೋಟೆ.

ಪ್ರಶ್ನೆ: ರಿಮ್ಮಿನ ದಪ್ಪವೇ ಮುಖ್ಯ ಎನ್ನುತ್ತಾರೆ. ಮನೆಯಲ್ಲೇ ಅಳೆಯುವುದು ಹೇಗೆ? ದಪ್ಪವಿದ್ದರೆ ಉಜ್ಜಬಹುದೇ?

ಉತ್ತರ: ಮುಖ್ಯವೇ. ಈ ತೋಟೆಗಳು ಚೇಂಬರಿನಲ್ಲಿ ನಿಲ್ಲುವುದು ರಿಮ್ಮಿನ ಆಧಾರದಿಂದ. ನಳಿಗೆಯ ಹಿಂಬದಿಯಲ್ಲಿ ರಿಮ್ಮಿಗಾಗಿ ಕೊರೆದ ತಗ್ಗು ಒಂದು ಕಡೆ, ಕೋವಿ ಮುಚ್ಚಿದಾಗ ನಳಿಗೆಯ ಹಿಂಬದಿಗೆ ಅಡ್ಡ ನಿಲ್ಲುವ ಬ್ರೀಚಿನ ಉಕ್ಕಿನ ಗೋಡೆ ಇನ್ನೊಂದು ಕಡೆ. ಇವೆರಡರ ನಡುವಿನ ಜಾಗವನ್ನು ರಿಮ್ ತುಂಬಬೇಕು, ಆದರೆ ಅದುಮಬಾರದು. ಹಳೆಯ ಕೇಸ್‌ಗಳಲ್ಲಿ ತಯಾರಕರಿಂದ ತಯಾರಕರಿಗೆ, ಒಬ್ಬನದೇ ಬೇರೆ ಬೇರೆ ಕಾಲದ ತಂಡಗಳಿಗೂ ರಿಮ್ ಬದಲಾಗುತ್ತದೆ. ಮಿಶ್ರ ಡಬ್ಬಿ ಕೊಂಡವರು ಒಂದೊಂದು ರಿಮ್ಮನ್ನೂ ಮೈಕ್ರೋಮೀಟರಿನಲ್ಲಿ ಮೂರು ಕಡೆ ಅಳೆದು ಗುಂಪು ಮಾಡಿಕೊಳ್ಳಬೇಕು. ವರ್ನಿಯರ್ ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು.

ಕೋವಿಯಲ್ಲಿ ಎಷ್ಟು ಜಾಗವಿದೆ ಎಂದು ತಿಳಿಯಲು ಸೆಲ್ಲೋಟೇಪ್ ಸಾಕು. ಸಾಮಾನ್ಯ ಟೇಪಿನ ಒಂದು ಪದರ ಸುಮಾರು 0.05 ಮಿ.ಮೀ. ಇರುತ್ತದೆ. ನಿಮ್ಮ ಟೇಪನ್ನು ನಾಲ್ಕು ಪದರ ಮಡಿಸಿ ಅಳೆದು, ನಾಲ್ಕರಿಂದ ಭಾಗಿಸಿ ಖಚಿತ ಮಾಡಿಕೊಳ್ಳಿ. ಪ್ರೈಮರ್ ಇಲ್ಲದ ಖಾಲಿ ಕೇಸಿನ ಬುಡಕ್ಕೆ ಒಂದು ಪದರ ಅಂಟಿಸಿ, ರಿಮ್ಮಿನ ಅಂಚಿಗೆ ಸರಿಯಾಗಿ ಬ್ಲೇಡಿನಿಂದ ಕತ್ತರಿಸಿ, ಚೇಂಬರಿಗೆ ಹಾಕಿ ಕೋವಿಯನ್ನು ನಿಧಾನವಾಗಿ ಮುಚ್ಚಿ. ಬೆರಳ ತುದಿಗೆ ಏನೂ ತಡೆ ಸಿಗದಿದ್ದರೆ ಎರಡನೇ ಪದರ, ಆಮೇಲೆ ಮೂರನೆಯದು. ಮೊದಲ ತಡೆ ಸಿಕ್ಕಲ್ಲಿ ನಿಲ್ಲಿಸಿ. ಅದನ್ನು ಮೀರಿ ಒತ್ತಿ ಮುಚ್ಚಬಾರದು. ಒಂದು ಪದರಕ್ಕೆ ಸಲೀಸು, ಮೂರನೆಯದಕ್ಕೆ ತಡೆ ಎಂದಾದರೆ ಸಡಿಲು 0.05ರಿಂದ 0.15 ಮಿ.ಮೀ. ನಡುವೆ ಇದೆ. ನಮ್ಮ ದೃಷ್ಟಿಯಲ್ಲಿ ಅದೇ ಒಳ್ಳೆಯ ಜಾಗ. 0.2 ಮಿ.ಮೀ. ದಾಟಿದರೆ ಆ ಕೇಸಿಗೆ ಈ ಕೋವಿ ಬೇಡ.

ರಿಮ್ ದಪ್ಪವಿದ್ದರೆ ಕೋವಿ ಪೂರ್ತಿ ಮುಚ್ಚುವುದಿಲ್ಲ. ಆಗ ಮೊಣಕಾಲಿನ ಮೇಲಿಟ್ಟು ಒತ್ತಿ ಮುಚ್ಚುವ ಅಭ್ಯಾಸ ಕೆಲವರಿಗಿದೆ. ಪ್ರತಿ ಸಲವೂ ಆ ಒತ್ತಡ ಹಿಂಜ್ ಪಿನ್ ಮತ್ತು ಬೀಗದ ಹಲ್ಲುಗಳ ಮೇಲೆ ಬೀಳುತ್ತದೆ. ಕೆಲವೇ ದಿನಗಳಲ್ಲಿ ಕೋವಿ ಅಲುಗಾಡತೊಡಗುತ್ತದೆ. ಕೋವಿಯ ಗೋಡೆಗೋ ರಿಮ್ಮಿನ ತಗ್ಗಿಗೋ ಅರ ಹಚ್ಚುವುದಂತೂ ಬೇಡವೇ ಬೇಡ. ತಪ್ಪು ಇರುವುದು ಅಗ್ಗದ ಹಿತ್ತಾಳೆಯಲ್ಲಿ, ತಿದ್ದಬೇಕಾದದ್ದೂ ಅದನ್ನೇ.

ತಿದ್ದುವುದಾದರೆ ಲೇತ್‌ನಲ್ಲಿ, ರಿಮ್ಮಿನ ಮುಂಬದಿಯಿಂದ ತೆಗೆಯಬೇಕು. ಹಿಂಬದಿಯಿಂದ ತೆಗೆದರೆ ಪ್ರೈಮರ್ ಗುಂಡಿಯ ಆಳ ಕಡಿಮೆಯಾಗಿ ಪ್ರೈಮರ್ ಹೊರಗೆ ಚಾಚುತ್ತದೆ. ಅದು ದಪ್ಪ ರಿಮ್ಮಿಗಿಂತ ದೊಡ್ಡ ಅಪಾಯ. ರಿಮ್ ಮತ್ತು ಮೈ ಸೇರುವ ಮೂಲೆಯನ್ನು ಚೂಪಾಗಿ ಕೊರೆಯದೆ ಉಳಿ ತುದಿಯ ಸಣ್ಣ ದುಂಡನ್ನು ಹಾಗೆಯೇ ಬಿಡಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ, ಖಾಲಿ ಕೇಸನ್ನು ಹೊರದಬ್ಬುವ ಎಜೆಕ್ಟರ್ ಹೊಡೆದಾಗ ರಿಮ್ ಹರಿಯುತ್ತದೆ. ಮುಂಬದಿ ತೆಗೆದಷ್ಟು ಕೇಸ್ ಮುಂದೆ ಸರಿಯುವುದರಿಂದ, ಹೆಗಲಿರುವ ಕೇಸ್ ಆದರೆ ಶಾಯಿ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.

ರಿಮ್ ತೆಳುವಾಗಿದ್ದರೆ ಕಥೆ ಬೇರೆ. ಹಾರಿಸಿದ ಕ್ಷಣ ಕೇಸಿನ ಮುಂಭಾಗ ಚೇಂಬರಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ, ಬುಡ ಹಿಂದಕ್ಕೆ ಸರಿದು ಬ್ರೀಚಿಗೆ ಬಡಿಯುತ್ತದೆ, ನಡುವಿನ ಹಿತ್ತಾಳೆ ಹಿಗ್ಗುತ್ತದೆ. ಹಾರಿದ ಪ್ರೈಮರ್ ಹೊರಗೆ ಉಬ್ಬಿ ನಿಂತಿದ್ದರೆ ಇದೇ ಲಕ್ಷಣ. .470ರಂತೆ ಹೆಗಲಿರುವ ಕೇಸಿನಲ್ಲಿ, ಹೆಗಲು ಚೇಂಬರಿಗೆ ಬರೀ ಮುಟ್ಟುವಂತೆ ಡೈಯನ್ನು ಹೊಂದಿಸಿ ಇದನ್ನು ತಡೆಯಬಹುದು. .450ರ ಮೂರೂಕಾಲು ಇಂಚಿನ ಕೇಸಿನಂತೆ ಹೆಗಲಿಲ್ಲದ ನೇರ ಕೇಸಿಗೆ ಇಂಥ ಉಪಾಯವಿಲ್ಲ.

ಪ್ರಶ್ನೆ: ಕೇಸಿನೊಳಗೆ ನೋಡಿದರೆ ನಡುವೆ ಒಂದು ತೂತಿನ ಬದಲು ಎರಡು ಸಣ್ಣ ತೂತುಗಳಿವೆ. ಪ್ರೈಮರ್ ತೆಗೆಯುವ ಪಿನ್ ಮುರಿಯಿತು. ಇವನ್ನು ಈಗಿನ ಪ್ರೈಮರಿಗೆ ಮಾರ್ಪಡಿಸಬಹುದೇ?

ಉತ್ತರ: ಅವು ಬರ್ಡಾನ್ ಕೇಸ್‌ಗಳು. ಇಂಗ್ಲಿಷ್ ತೋಟೆ ಕಂಪನಿ ಕೈನಾಕ್‌ನ ಹಳೆಯ ತೋಟೆಗಳೆಲ್ಲ ಹೀಗೆಯೇ. ಪ್ರೈಮರಿಗೆ ಆಧಾರವಾಗುವ ಅಡಿಗಲ್ಲು ಕೇಸಿನ ಗುಂಡಿಯ ನಡುವೆಯೇ ಉಬ್ಬಿರುತ್ತದೆ, ಬೆಂಕಿ ಅದರ ಅಕ್ಕಪಕ್ಕದ ಎರಡು ತೂತುಗಳಿಂದ ಹೋಗುತ್ತದೆ. ಬಾಕ್ಸರ್ ಪದ್ಧತಿಯಲ್ಲಿ ಅಡಿಗಲ್ಲು ಪ್ರೈಮರಿನೊಳಗೇ ಇದ್ದು, ಕೇಸಿನಲ್ಲಿ ನಡುವೆ ಒಂದೇ ತೂತು. ಬಾಕ್ಸರ್ ಇಂಗ್ಲಿಷಿನವನು, ಬರ್ಡಾನ್ ಅಮೆರಿಕದವನು. ಆದರೆ ಅಮೆರಿಕದಲ್ಲಿ ಬೇರೂರಿದ್ದು ಬಾಕ್ಸರ್ ಪದ್ಧತಿ, ಇಂಗ್ಲೆಂಡಿನ ದೊಡ್ಡ ತೋಟೆಗಳು ಹಿಡಿದದ್ದು ಬರ್ಡಾನ್ ದಾರಿ.

ಬರ್ಡಾನ್ ಪ್ರೈಮರ್ ತೆಗೆಯಲು ಪಕ್ಕದಿಂದ ಚುಚ್ಚಿ ಎತ್ತುವ ಕೊಕ್ಕೆಯ ಉಪಕರಣ ಸಿಗುತ್ತದೆ. ಅದರಲ್ಲಿ ಕೈ ತಪ್ಪಿದರೆ ಅಡಿಗಲ್ಲಿಗೆ ಗೀರು ಬೀಳುತ್ತದೆ, ಗೀರು ಬಿದ್ದ ಅಡಿಗಲ್ಲು ಮುಂದಿನ ಪ್ರೈಮರನ್ನು ಸರಿಯಾಗಿ ಸಿಡಿಸುವುದಿಲ್ಲ. ನೀರಿನ ಒತ್ತಡದ ವಿಧಾನ ಮೇಲು. ಕೇಸಿಗೆ ನೀರು ತುಂಬಿ, ಕತ್ತಿಗೆ ಸರಿಹೊಂದುವ ಲೋಹದ ಕಡ್ಡಿಯನ್ನು ಇಳಿಸಿ, ಸುತ್ತಿಗೆಯಿಂದ ಒಂದೇ ಏಟು ಕೊಟ್ಟರೆ ಹಾರಿದ ಪ್ರೈಮರ್ ಹೊರಬೀಳುತ್ತದೆ. ಹಾರದ ಪ್ರೈಮರ್ ಇರುವ ಕೇಸಿಗೆ ಇದನ್ನು ಎಂದಿಗೂ ಮಾಡಬೇಡಿ.

ಹೊಸ ಪ್ರೈಮರ್ ಕೊಳ್ಳುವ ಮೊದಲು ಗುಂಡಿಯ ವ್ಯಾಸ ಅಳೆಯಿರಿ. ದೊಡ್ಡ ಬರ್ಡಾನ್‌ಗಳಲ್ಲಿ 0.217, 0.250, 0.254 ಇಂಚಿನವು ಇವೆ. ಕೊನೆಯ ಎರಡರ ನಡುವಿನ ವ್ಯತ್ಯಾಸ 0.1 ಮಿ.ಮೀ. ಮಾತ್ರ. ಚಿಕ್ಕದನ್ನು ದೊಡ್ಡ ಗುಂಡಿಗೆ ಕೂರಿಸಿದರೆ ಕೂರುತ್ತದೆ, ಹಾರಿಸಿದಾಗ ಸುತ್ತಲಿಂದ ಅನಿಲ ಸೋರಿ ಬ್ರೀಚಿನ ಉಕ್ಕನ್ನು ಕೊರೆಯುತ್ತದೆ. ಬಾಕ್ಸರ್ ಲಾರ್ಜ್ ರೈಫಲ್ ಪ್ರೈಮರ್ 0.210 ಇಂಚು. ಅಂದರೆ 0.254ರ ಗುಂಡಿಯನ್ನು ಬಾಕ್ಸರಿಗೆ ತಿರುಗಿಸಲು ಬುಡವನ್ನು ಕೊರೆದು ಹಿತ್ತಾಳೆಯ ಬಿರಡೆ ಹಾಕಿ ಮತ್ತೆ ಗುಂಡಿ ತೋಡಬೇಕು. ಮಾಡುವವರಿದ್ದಾರೆ. ಆದರೆ ಅತಿ ಹೆಚ್ಚು ಒತ್ತಡ ತಡೆಯುವ ಜಾಗವನ್ನೇ ತೇಪೆ ಹಾಕಿದಂತಾಗುತ್ತದೆ. ಬಾಕ್ಸರ್ ಗುಂಡಿಯ ಹೊಸ ಕೇಸ್‌ಗಳು ತಯಾರಾಗುತ್ತಿರುವಾಗ ಇದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು, ಇದೇ ಹೆಚ್ಚು ಗಂಭೀರ. ಹಳೆಯ ಪ್ರೈಮರ್‌ಗಳಲ್ಲಿ ಹಲವು ಪಾದರಸದ ಫಲ್ಮಿನೇಟ್ ಹೊಂದಿದ್ದವು. ಹಾರಿದಾಗ ಬಿಡುಗಡೆಯಾಗುವ ಪಾದರಸ ಹಿತ್ತಾಳೆಯೊಳಕ್ಕೆ ಇಳಿದು ಅದನ್ನು ಗಾಜಿನಂತೆ ಪೆಡಸು ಮಾಡುತ್ತದೆ. ಕಪ್ಪು ಮದ್ದಿನ ತೋಟೆಯಲ್ಲಿ ದಪ್ಪನೆಯ ಮಸಿ ಪಾದರಸವನ್ನು ಬಹುಮಟ್ಟಿಗೆ ಹಿಡಿದಿಡುತ್ತಿತ್ತು. ಹೊಗೆಯಿಲ್ಲದ ಮದ್ದಿನಲ್ಲಿ ಆ ರಕ್ಷಣೆ ಇಲ್ಲ. ತೊಳೆದರೂ ಕಾಯಿಸಿದರೂ ಇದು ಹೋಗುವುದಿಲ್ಲ. ಕೇಸ್‌ಗಳ ಇತಿಹಾಸ ಗೊತ್ತಿಲ್ಲದಿದ್ದರೆ ಒಂದು ತಂಡದಿಂದ ಎರಡನ್ನು ಬಲಿ ಕೊಡಿ. ಕಣ್ಣಿಗೆ ಕನ್ನಡಕ ಹಾಕಿ, ಇಕ್ಕಳದಲ್ಲಿ ಬಾಯಿ ಹಿಡಿದು ಚಪ್ಪಟೆಯಾಗುವವರೆಗೆ ಅದುಮಿ. ಒಳ್ಳೆಯ ಹಿತ್ತಾಳೆ ಮೇಣದಂತೆ ಮಡಚಿಕೊಳ್ಳುತ್ತದೆ. ಪೆಡಸಾದದ್ದು ಚಟ್ ಎಂದು ಸೀಳಿ ಚೂರಾಗುತ್ತದೆ, ಮುರಿದ ಅಂಚು ಕಾಳುಕಾಳಾಗಿ ಕಾಣುತ್ತದೆ. ಮೈಯ ನಡುಭಾಗವೂ ಹೀಗೆ ಒಡೆದರೆ ಆ ತಂಡ ಪೂರ್ತಿ ಗುಜರಿಗೆ.

ಪ್ರಶ್ನೆ: ಒಮ್ಮೆಯೂ ಹಾರಿಸದ ಹಳೆಯ ಕೇಸ್‌ಗಳ ಕತ್ತಿನಲ್ಲಿ ಉದ್ದುದ್ದ ಬಿರುಕುಗಳಿವೆ. ಬಳಸದೆಯೇ ಸೀಳುವುದು ಹೇಗೆ? ಉಳಿದವನ್ನು ಕಾಯಿಸಿ ಮೆದು ಮಾಡಬಹುದೇ?

ಉತ್ತರ: ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದು ಹೆಸರು, ಮತ್ತು ಇದು ಪ್ರಸಿದ್ಧವಾದದ್ದು ಭಾರತದಲ್ಲೇ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಲಾಯಗಳಲ್ಲಿ ಇರಿಸಿದ್ದ ತೋಟೆಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆಗಳ ಗಂಜಲದಿಂದ ಏಳುವ ಅಮೋನಿಯ ತೇವದ ಗಾಳಿಯಲ್ಲಿ ಸೇರಿ, ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಉಳಿದಿರುವ ಬಿಗಿತದ ಜೊತೆ ಕೂಡಿ ಸೀಳುತ್ತದೆ ಎಂಬ ಕಾರಣ 1921ರಲ್ಲಿ ಸ್ಪಷ್ಟವಾಯಿತು. ತೋಟೆಯ ಹಿತ್ತಾಳೆಯಲ್ಲಿ ಶೇ. 70 ತಾಮ್ರ, ಶೇ. 30 ಸತು. ಈ ಮಿಶ್ರಣಕ್ಕೆ ಅಮೋನಿಯ ಆಗಿಬರುವುದಿಲ್ಲ.

ಬಿರುಕು ಬಿಟ್ಟದ್ದನ್ನು ಬಿಸಾಡಿ. ಬಿರುಕಿಲ್ಲದ್ದನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ, ಬಾಯಿಯ ಅಂಚಿನಿಂದ ಹೆಗಲಿನವರೆಗೆ ನೋಡಿ. ಪಾಸಾದವನ್ನು ಕಾಯಿಸಬಹುದು, ಆದರೆ ಕತ್ತು ಮತ್ತು ಹೆಗಲನ್ನು ಮಾತ್ರ. ಕೇಸ್ ತಿರುಗುತ್ತಿರುವಂತೆ ಹಿಡಿದು, ಗ್ಯಾಸ್ ಟಾರ್ಚಿನ ನೀಲಿ ಜ್ವಾಲೆಯ ತುದಿ ಕತ್ತು ಹೆಗಲು ಸೇರುವಲ್ಲಿ ತಾಗುವಂತೆ ಕೆಲವು ಸೆಕೆಂಡು ಕಾಯಿಸಬೇಕು. ಕತ್ತಿನೊಳಗೆ 400 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಉಷ್ಣಸೂಚಕ ಬಣ್ಣ, ಮೈಯ ಕೆಳ ಅರ್ಧದಲ್ಲಿ 240 ಡಿಗ್ರಿಯ ಆಸುಪಾಸಿನದು ಬಳಿಯಿರಿ. ಮೇಲಿನದು ಕರಗಬೇಕು, ಕೆಳಗಿನದು ಕರಗಬಾರದು. ಕತ್ತು ಕೆಂಪಗೆ ಕಾದರೆ ಹೆಚ್ಚಾಯಿತು. ಅಂಥ ಕತ್ತು ಬೆಣ್ಣೆಯಂತಾಗಿ ಗುಂಡನ್ನು ಹಿಡಿಯುವುದಿಲ್ಲ. ಎಡ ನಳಿಗೆ ಹಾರಿದ ಹೊಡೆತಕ್ಕೆ ಬಲ ನಳಿಗೆಯೊಳಗಿನ ತೋಟೆಯ ಗುಂಡು ಜರುಗುವ ಸಾಧ್ಯತೆ ಇಲ್ಲಿದೆ. ನೀರಿಗೆ ಹಾಕುವುದು ಬಿಸಿ ಕೆಳಗಿಳಿಯದಂತೆ ತಡೆಯಲು ಮಾತ್ರ. ಹಿತ್ತಾಳೆ ಉಕ್ಕಿನಂತಲ್ಲ, ಥಟ್ಟನೆ ತಣಿಸಿದರೆ ಗಟ್ಟಿಯಾಗುವುದಿಲ್ಲ.

ಬುಡಕ್ಕೆ ಬಿಸಿ ತಾಗಿತೋ ಎಂಬ ಅನುಮಾನ ಬಂದರೂ ಆ ಕೇಸ್ ಬೇಡ. ಇಡೀ ಕೇಸನ್ನು ಒಲೆಯಲ್ಲಿಟ್ಟು ಕಾಯಿಸುವುದು ತೋಟೆಯ ಬುಡವನ್ನು ಕೈಯಾರೆ ಹಾಳು ಮಾಡಿದಂತೆ. ಮೆದುವಾದ ಬುಡ ಹರಿದರೆ ಬಿಸಿ ಅನಿಲ ಬರುವುದು ನಿಮ್ಮ ಮುಖದ ಕಡೆಗೆ.

ಪ್ರಶ್ನೆ: ಹಿತ್ತಾಳೆ ಪಾಲಿಶ್ ಹಾಕಿ ಹೊಳಪು ತರಬಹುದೇ?

ಉತ್ತರ: ಬೇಡ. ಅಂಥ ಹಲವು ಪಾಲಿಶ್‌ಗಳಲ್ಲಿ ಅಮೋನಿಯ ಇರುತ್ತದೆ. ಲೀಟರ್ ಬೆಚ್ಚನೆ ನೀರಿಗೆ 15 ಗ್ರಾಂ ಸಿಟ್ರಿಕ್ ಆಮ್ಲ, ಹತ್ತು ನಿಮಿಷ, ಆಮೇಲೆ ಎರಡು ಸಲ ನೀರಿನಲ್ಲಿ ಜಾಲಿಸಿ ಒಣಗಿಸಿ. ಕಪ್ಪು ಕಲೆ ಉಳಿದರೆ ಉಳಿಯಲಿ. ಗುಲಾಬಿ ಬಣ್ಣದ ಮಚ್ಚೆ ಕಂಡು, ಉಗುರು ತಾಗಿಸಿದಾಗ ತಗ್ಗು ಸಿಕ್ಕರೆ ಅಲ್ಲಿ ಸತು ಕರಗಿ ಹೋಗಿದೆ. ಆ ಕೇಸ್ ತೆಗೆದಿಡಿ.

ಪ್ರಶ್ನೆ: .450ರ ಮೂರೂಕಾಲು ಇಂಚಿನ ಕೇಸ್‌ಗಳಲ್ಲಿ ಕೆಲವು ತುಂಬ ಹಗುರ ಇವೆ. ಅಳತೆ ಎಲ್ಲ ಒಂದೇ. ಬೆರೆಸಿ ಬಳಸಬಹುದೇ?

ಉತ್ತರ: ದಯವಿಟ್ಟು ಬೆರೆಸಬೇಡಿ. 1898ರಲ್ಲಿ ಕೋವಿ ತಯಾರಕ ಜಾನ್ ರಿಗ್ಬಿ .450 ನೈಟ್ರೊ ತಂದದ್ದು ಅದಾಗಲೇ ಇದ್ದ ಕಪ್ಪು ಮದ್ದಿನ ಕೇಸಿನ ಹೊರ ಅಳತೆಯ ಮೇಲೆಯೇ. ಮೂರು ಇಂಚಿನ .500, .577ಗಳಲ್ಲೂ ಕಪ್ಪು ಮದ್ದಿನದು, ನೈಟ್ರೊದ್ದು ಎಂಬ ಎರಡು ಜಾತಿಗಳಿವೆ. ಕಪ್ಪು ಮದ್ದಿನ ಕೇಸಿನ ಬುಡ ತೆಳು. ಹಳೆಯ ಕೆಲವದರಲ್ಲಿ ಬುಡದ ಒಳಭಾಗ ಪ್ರೈಮರ್ ಗುಂಡಿಯ ಸುತ್ತ ಟೊಳ್ಳು. ಅದಕ್ಕೆ ನೈಟ್ರೊ ಒತ್ತಡ ಕೊಟ್ಟರೆ ಬುಡವೇ ಕಿತ್ತು ಬರಬಹುದು. ಗುರುತಿಸಲು ತೂಕ ಮೊದಲ ಸುಳಿವು. ಅನುಮಾನದ ಒಂದನ್ನು ಲೋಹದ ಗರಗಸದಿಂದ ಉದ್ದಕ್ಕೆ ಸೀಳಿ ಬುಡವನ್ನು ನೋಡಿದರೆ ಖಚಿತ. ಗುಂಡಿಯ ಮೇಲ್ಮಟ್ಟದವರೆಗೂ ಗಟ್ಟಿ ಹಿತ್ತಾಳೆ ತುಂಬಿರಬೇಕು.

ಹೆಸರುಗಳ ಗೊಂದಲವೂ ಇಲ್ಲಿಯೇ ಹೇಳಿಬಿಡಬೇಕು. ಬ್ರಿಟಿಷರು ಭಾರತ ಮತ್ತು ಸುಡಾನ್‌ಗಳಲ್ಲಿ .450 ಕೋವಿಗಳನ್ನು ತಡೆದ ಮೇಲೆ .465, .470, .475 ಎಂದು ಅದೇ ಶಕ್ತಿಯ ತೋಟೆಗಳ ಸಾಲೇ ಬಳಕೆಗೆ ಬಂತು. .475 ನಂಬರ್ 2ರಲ್ಲಂತೂ ಗುಂಡಿನ ವ್ಯಾಸವೇ ಎರಡು ಬಗೆ. ಸಾಮಾನ್ಯದ್ದು 0.483 ಇಂಚು, ಜೆಫ್ರಿ ಕೋವಿ ಕಂಪನಿಯದ್ದು 0.488ರ ಹತ್ತಿರ. ಬುಡದ ಬರಹ ಅರ್ಧ ಅಳಿಸಿದ್ದರೆ ಅಂದಾಜಿನ ಮೇಲೆ ಹೋಗದೆ ನಳಿಗೆಯನ್ನೇ ಅಳೆಸಿ.

ಪ್ರಶ್ನೆ: ಹೊಸ ಕೇಸಿನಲ್ಲಿ 50 ಮೀಟರಿಗೆ ಎರಡೂ ನಳಿಗೆ ಅಂಗೈ ಅಗಲದೊಳಗೆ ಬಡಿಯುತ್ತವೆ. ಅದೇ ಮದ್ದು, ಅದೇ ಗುಂಡು ಹಳೆಯ ಕೇಸಿಗೆ ತುಂಬಿದರೆ ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ ದೂರ ಹೋಗುತ್ತವೆ. ಕೋವಿಯ ದೋಷವೇ?

ಉತ್ತರ: ಕೋವಿ ಸರಿಯಾಗಿದೆ. ಒಳಗಿನ ಜಾಗ ಬದಲಾಗಿದೆ. ಜೋಡು ನಳಿಗೆಯನ್ನು ಒಂದು ನಿರ್ದಿಷ್ಟ ಗುಂಡು, ನಿರ್ದಿಷ್ಟ ವೇಗಕ್ಕೆ ಹೊಂದಿಸಿ ಬೆಸೆದಿರುತ್ತಾರೆ. .470ಕ್ಕೆ ರೂಢಿಯದು 500 ಗ್ರೇನ್ (ಸುಮಾರು 32 ಗ್ರಾಂ) ಗುಂಡು, ಸೆಕೆಂಡಿಗೆ 2150 ಅಡಿ. ಬಲ ನಳಿಗೆ ಹಾರಿದಾಗ ಕೋವಿ ಮೇಲಕ್ಕೂ ಬಲಕ್ಕೂ ಹೊರಳುತ್ತದೆ. ಗುಂಡು ನಳಿಗೆಯೊಳಗಿರುವಾಗಲೇ ಈ ಹೊರಳು ಶುರುವಾಗಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದೇ ನಳಿಗೆಗಳನ್ನು ಮುಂದಕ್ಕೆ ಸ್ವಲ್ಪ ಕೂಡುವಂತೆ ಬೆಸೆಯುತ್ತಾರೆ. ಗುಂಡು ನಿಧಾನವಾದರೆ ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹೊರಳು ಹೆಚ್ಚಾಗಿ ಗುಂಡುಗಳು ದೂರ ಸರಿಯುತ್ತವೆ. ವೇಗ ಹೆಚ್ಚಾದರೆ ಹೊರಳುವ ಮೊದಲೇ ಹೊರಬಿದ್ದು ಒಂದನ್ನೊಂದು ದಾಟುತ್ತವೆ, ಬಲ ನಳಿಗೆಯದು ಎಡಕ್ಕೆ ಬೀಳುತ್ತದೆ. ನಿಮ್ಮದು ನಿಧಾನದ ಲಕ್ಷಣ. ಹಳೆಯ ಕೇಸಿನ ಗೋಡೆ ತೆಳು, ಒಳಜಾಗ ಹೆಚ್ಚು, ಒತ್ತಡ ಕಡಿಮೆ.

ಎಷ್ಟು ವ್ಯತ್ಯಾಸ ಎಂಬುದನ್ನು ಅಳೆಯಬಹುದು. ಹಾರಿದ ಪ್ರೈಮರ್ ಇರುವಂತೆಯೇ ಕೇಸನ್ನು ತೂಗಿ, ಬಾಯಿಮಟ್ಟ ನೀರು ತುಂಬಿ ಮತ್ತೆ ತೂಗಿ. ಎರಡರ ವ್ಯತ್ಯಾಸವೇ ಒಳಜಾಗ. ಐದು ಹಳೆಯದು, ಐದು ಹೊಸದು ತೂಗಿ ಸರಾಸರಿ ನೋಡಿ. ಹಿತ್ತಾಳೆಯ ಸಾಂದ್ರತೆ ನೀರಿನ ಸುಮಾರು 8.5 ಪಟ್ಟು. ಆದ್ದರಿಂದ ಹೊರ ಅಳತೆ ಒಂದೇ ಇದ್ದಾಗ, ಕೇಸ್ 8.5 ಗ್ರೇನ್ ಹಗುರವಾದರೆ ಒಳಗೆ ಸುಮಾರು 1 ಗ್ರೇನ್ ನೀರಿನಷ್ಟು ಜಾಗ ಹೆಚ್ಚು. ಇದೇ ಲೆಕ್ಕ ತಿರುಗಿಸಿದರೆ ಅಪಾಯ ಕಾಣುತ್ತದೆ. ತೆಳು ಕೇಸಿಗೆ ಹೊಂದಿಸಿದ ಪ್ರಮಾಣವನ್ನು ದಪ್ಪ ಗೋಡೆಯ ಕೇಸಿಗೆ ಹಾಗೆಯೇ ತುಂಬಿದರೆ ಒತ್ತಡ ಏರುತ್ತದೆ. .470ರ ಸಿಐಪಿ ಮಿತಿ ಸುಮಾರು 2400 ಬಾರ್, ಬೋಲ್ಟ್ ರೈಫಲ್ಲಿನ .458 ವಿಂಚೆಸ್ಟರ್ ಮ್ಯಾಗ್ನಂಗೆ 4300. ಬೋಲ್ಟ್ ರೈಫಲ್ ತುಂಬಿ ರೂಢಿಯಾದವರು ಒತ್ತಡದ ಗುರುತು ಕಂಡಾಗ ನಿಲ್ಲಿಸೋಣ ಎಂದುಕೊಂಡರೆ, ಪ್ರೈಮರ್ ಚಪ್ಪಟೆಯಾಗುವ ಹೊತ್ತಿಗೆ ಜೋಡು ನಳಿಗೆ ತನ್ನ ಮಿತಿ ದಾಟಿರಬಹುದು.

ಹಾಗಾಗಿ ಒಂದು ತಂಡದ ಕೇಸಿಗೆ ಒಂದು ಪ್ರಮಾಣ, ಕೋಷ್ಟಕದ ಕೆಳತುದಿಯಿಂದ ಶುರು, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟುಕೊಂಡು ನೋಡುತ್ತ ಹೋಗಿ. ಬಲ, ಎಡ ಎಂದು ಬೆನ್ನು ಬೆನ್ನಿಗೆ ಎರಡು ಹಾರಿಸಿ, ನಳಿಗೆ ತಣ್ಣಗಾಗಲು ಬಿಟ್ಟು, ಮತ್ತೆ ಎರಡು. ಖಾಲಿ ಜಾಗ ತುಂಬಲು ಸ್ಪಂಜು, ಹತ್ತಿ ಹಾಕುವುದನ್ನು ಪರೀಕ್ಷಿತ ಕೋಷ್ಟಕವೇ ಹೇಳಿದ್ದರೆ ಹೊರತು ಸ್ವಂತ ಬುದ್ಧಿಯಿಂದ ಮಾಡಬೇಡಿ. ಅದೂ ಒತ್ತಡವನ್ನು ಬದಲಿಸುತ್ತದೆ.

ಪ್ರಶ್ನೆ: ಒಂದು ಹಳೆಯ ಕೇಸನ್ನು ಎಷ್ಟು ಸಲ ತುಂಬಬಹುದು?

ಉತ್ತರ: ಸಂಖ್ಯೆ ಹೇಳುವುದಕ್ಕಿಂತ ಪರೀಕ್ಷೆ ಹೇಳುವುದು ವಾಸಿ. ದೊಡ್ಡ ಪೇಪರ್ ಕ್ಲಿಪ್ ಒಂದನ್ನು ನೇರ ಮಾಡಿ, ತುದಿಯ 2 ಮಿ.ಮೀ.ಯನ್ನು ಲಂಬವಾಗಿ ಬಗ್ಗಿಸಿ, ಆ ತುದಿಯನ್ನು ಅರದಿಂದ ಚೂಪು ಮಾಡಿ. ಕೇಸಿನ ತಳಕ್ಕೆ ಇಳಿಸಿ, ಒಳಗೋಡೆಗೆ ಒತ್ತಿಕೊಂಡು ಮೇಲಕ್ಕೆ ಎಳೆಯಿರಿ. ಗಟ್ಟಿ ಬುಡ ಮುಗಿದು ಗೋಡೆ ಶುರುವಾಗುವ ಜಾಗದ ತುಸು ಮೇಲೆ ತುದಿ ಒಂದು ಗೆರೆಗೆ ಕಚ್ಚಿಕೊಂಡರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ. ಹೊರಗಡೆ ಅದೇ ಎತ್ತರದಲ್ಲಿ ಬಿಳಿಚಿದ ಉಂಗುರ ಕಾಣಬಹುದು, ಕಾಣದೆಯೂ ಇರಬಹುದು. ಆ ಕೇಸ್ ಮುಂದಿನ ಸಲ ಎರಡು ತುಂಡಾಗುತ್ತದೆ. ಬುಡ ಹೊರಬಂದು ಮುಂಭಾಗ ಚೇಂಬರಿನಲ್ಲೇ ಉಳಿದರೆ ಎರಡನೇ ತೋಟೆ ಹಾಕುವಂತಿಲ್ಲ.

ಹಿಗ್ಗುವುದು ಪ್ರತಿ ಸಲ ಹೆಗಲನ್ನು ಅನಾವಶ್ಯಕವಾಗಿ ಹಿಂದಕ್ಕೆ ತಳ್ಳುವುದರಿಂದ. ಡೈಯನ್ನು ಶೆಲ್ ಹೋಲ್ಡರಿಗೆ ತಾಗಿಸಿ ಬಿಗಿ ಮಾಡುವ ಬದಲು, ಕಾಲು ಸುತ್ತು ಮೇಲಿಟ್ಟು ಶುರುಮಾಡಿ, ಎರಡೂ ಚೇಂಬರಿಗೆ ಕೇಸ್ ತಾನಾಗಿ ಬೀಳುವಲ್ಲಿ ನಿಲ್ಲಿಸಿ. ಒತ್ತಲು ಹಚ್ಚಿದ ಜಿಡ್ಡನ್ನು ಪೂರ್ತಿ ಒರೆಸಿ. ಜಿಡ್ಡಿನ ಕೇಸ್ ಚೇಂಬರಿನ ಗೋಡೆಯನ್ನು ಹಿಡಿಯದೆ ಹಿಂದಕ್ಕೆ ಜಾರಿ, ಪೂರ್ತಿ ಹೊಡೆತವನ್ನು ಬ್ರೀಚಿನ ಮೇಲೆ ಹಾಕುತ್ತದೆ.

ಪ್ರಶ್ನೆ: ಒಂದು ಡಬ್ಬಿ ತುಂಬಿದ ಕಾರ್ಡೈಟ್ (ಹೊಗೆಯಿಲ್ಲದ ಹಳೆಯ ಬ್ರಿಟಿಷ್ ಮದ್ದು) ತೋಟೆಗಳಿವೆ. ಹಾರಿಸಿ ಕೇಸ್ ಉಳಿಸಿಕೊಳ್ಳಬಹುದೇ?

ಉತ್ತರ: ಹಾರಿಸಬೇಡಿ. ದಶಕಗಳ ಕಾಲ ಬಿಸಿಲು ತೇವ ಕಂಡ ಕಾರ್ಡೈಟ್ ಹೇಗೆ ಉರಿಯುತ್ತದೆ ಎಂದು ಹೇಳಲಾಗದು. ಅದು ಹೊಸದಾಗಿದ್ದಾಗಲೇ ಬಿಸಿಗೆ ಒತ್ತಡ ಏರಿಸುವ ಗುಣದ್ದು. ಅದಕ್ಕಾಗಿಯೇ ಉಷ್ಣ ದೇಶಗಳಿಗೆ ಪ್ರಮಾಣ ತಗ್ಗಿಸಿದ ತೋಟೆಗಳನ್ನು ಬೇರೆಯಾಗಿ ಮಾಡುತ್ತಿದ್ದರು. ಪ್ರೈಮರ್ ತಡವಾಗಿ ಸಿಡಿದು, ಅಷ್ಟರಲ್ಲಿ ಕೋವಿ ತೆರೆಯುವ ಅಪಾಯವೂ ಇದೆ. ಹಾರಿದರೂ ಪ್ರೈಮರಿನ ಉಪ್ಪು ನಳಿಗೆಗೆ ತುಕ್ಕು ಹಿಡಿಸುತ್ತದೆ. ಪರವಾನಗಿಯಿರುವ ಕೋವಿ ವ್ಯಾಪಾರಿಗೆ ಒಪ್ಪಿಸಿ. ಡಬ್ಬಿಯೊಂದಿಗೆ ಪೂರ್ತಿ ತೋಟೆಗೆ ಸಂಗ್ರಾಹಕರಿದ್ದಾರೆ.

ಪ್ರಶ್ನೆ: ಎರಡು ಸಲ ಚೆನ್ನಾಗಿ ಕೂತ ಕೇಸ್ ಮೂರನೇ ಸಲ ಕೋವಿ ಮುಚ್ಚಲು ಬಿಡುತ್ತಿಲ್ಲ. ರಿಮ್ ಅಳೆದೇ ಇಟ್ಟಿದ್ದೆ.

ಉತ್ತರ: ರಿಮ್ಮಿನ ಮುಂಬದಿಯನ್ನು ಉಗುರಿನಿಂದ ಸುತ್ತ ಸವರಿ ನೋಡಿ. ಎಜೆಕ್ಟರ್ ಹೊಡೆಯುವ ಜಾಗದಲ್ಲಿ ಹಿತ್ತಾಳೆ ಎದ್ದು ನಿಂತ ಸಣ್ಣ ಮುಳ್ಳು ಸಿಗುತ್ತದೆ. ಅಷ್ಟು ಚೂರು ರಿಮ್ಮಿನ ದಪ್ಪಕ್ಕೆ ಸೇರಿದರೆ ಸಾಕು. ನುಣುಪು ಎಣ್ಣೆಗಲ್ಲಿನಿಂದ ಅದನ್ನಷ್ಟೇ ಮಟ್ಟ ಮಾಡಿ, ರಿಮ್ಮನ್ನು ಮುಟ್ಟಬೇಡಿ. ಕಲ್ಲಿನ ಮೇಲೆ ಬಿದ್ದ ಕೇಸಿಗೂ ಹೀಗೆಯೇ ಆಗುತ್ತದೆ, ಆಗ ಮುಳ್ಳು ಅಂಚಿನಲ್ಲಿರುತ್ತದೆ.

ಮುಳ್ಳು ಇಲ್ಲದಿದ್ದರೆ ಪ್ರೈಮರ್ ನೋಡಿ. ಗುಂಡಿಯ ತಳದಲ್ಲಿ ಮಸಿ ಗಟ್ಟಿಯಾಗಿ ಕೂತಿದ್ದರೆ ಹೊಸ ಪ್ರೈಮರ್ ಪೂರ್ತಿ ಇಳಿಯುವುದಿಲ್ಲ. ಅದು ಬುಡದ ಮಟ್ಟಕ್ಕಿಂತ 0.05ರಿಂದ 0.15 ಮಿ.ಮೀ. ಒಳಗಿರಬೇಕು. ತೋರುಬೆರಳನ್ನು ಅಡ್ಡ ಎಳೆದರೆ ತಗ್ಗು ತಿಳಿಯಬೇಕು. ಜೋಡು ನಳಿಗೆ ಮುಚ್ಚುವಾಗ ತೋಟೆಯ ಬುಡ ಬ್ರೀಚಿನ ಮುಖದ ಮೇಲೆ ಸರಿಯುತ್ತ ಕೆಳಗಿಳಿಯುತ್ತದೆ. ಹೊರಚಾಚಿದ ಪ್ರೈಮರ್ ಆ ಉಕ್ಕಿಗೆ ಉಜ್ಜಿ, ಪ್ರೈಮರಿಗೆ ಬಡಿಯುವ ಪಿನ್ನಿನ ತೂತಿನ ಅಂಚಿಗೆ ತಾಗುತ್ತದೆ. ಇಂಥ ತೋಟೆಯನ್ನು ಒತ್ತಿ ಮುಚ್ಚಲು ಹೋದರೆ ಅದು ಮುಚ್ಚುವ ಮೊದಲೇ ಸಿಡಿಯಬಹುದು. ತೋಟೆಯನ್ನು ಹೊರತೆಗೆದು ಪಕ್ಕಕ್ಕಿಡಿ. ತುಂಬಿದ ತೋಟೆಯ ಪ್ರೈಮರನ್ನು ಮತ್ತೆ ಒತ್ತಿ ಕೂರಿಸುವ ಪ್ರಯತ್ನ ಮಾಡದೆ, ಮೊದಲು ಗುಂಡು ಎಳೆದು ಮದ್ದು ಖಾಲಿ ಮಾಡಿ.